ಸಾರಕ್ಕಿಗೆ ಎಷ್ಟು ಒತ್ತು?

ಕನಕಪುರ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಸಾರಕ್ಕಿ ಸಿಗ್ನಲ್ ಗೊತ್ತು. ಆ ಹೆಸರನ್ನು ಕಂಪ್ಯೂಟರಿನಲ್ಲಿ ಬರೆಯಲು ನಮಗೆ ಎರಡು-ಮೂರು ಸೆಕೆಂಡು ಸಾಕು. ಆದರೆ ಕೈಕಾಲು ಆಡದೆ, ಒಂದು ಬೆರಳೋ ಉಸಿರೋ ಮಾತ್ರ ಹಿಡಿತದಲ್ಲಿರುವವರಿಗೆ? ಅವರಿಗೆ ಒಂದೊಂದು ಒತ್ತೂ ದುಡಿಮೆಯೇ.

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ರೋಗಿಗಳಿಗಾಗಿ ರೆಜ್ ಮೇಲಿಂಗ್ 1960ರಲ್ಲಿ 'ಪಾಸಮ್' ಎಂಬ ಯಂತ್ರ ಮಾಡಿದರು. ಕೊಳವೆಯಲ್ಲಿ ಉಸಿರು ಊದಿ, ಎಳೆದು ಟೈಪ್‌ರೈಟರ್ ನಡೆಸಬಹುದಿತ್ತು. ಆಮೇಲೆ ಕಂಪ್ಯೂಟರ್ ಬಂತು. ತೆರೆಯ ಮೇಲೆ ಅಕ್ಷರಗಳ ಸಾಲುಗಳು ಒಂದೊಂದಾಗಿ ಬೆಳಗುತ್ತವೆ. ಬೇಕಾದ ಸಾಲು ಬಂದಾಗ ಸ್ವಿಚ್ಚನ್ನು ಒಮ್ಮೆ ಒತ್ತಬೇಕು, ಅದರಲ್ಲಿ ಬೇಕಾದ ಅಕ್ಷರ ಬಂದಾಗ ಇನ್ನೊಮ್ಮೆ.

ಇದು ಕನ್ನಡಕ್ಕೆ ಒಗ್ಗುತ್ತದೆಯೇ? ಕಾಗುಣಿತ, ಒತ್ತಕ್ಷರ ಎಲ್ಲಕ್ಕೂ ಒಂದೊಂದು ಮನೆ ಕೊಟ್ಟರೆ ತೆರೆಯೇ ಸಾಲದು! ನಮ್ಮನ್ನು ಕಾಪಾಡಿದ್ದು ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದ ನಿರ್ಧಾರ. 1986ರ ಇನ್‌ಸ್ಕ್ರಿಪ್ಟ್ ಕೀಲಿಮಣೆ, 1988ರ ಇಸ್ಕಿ, 1991ರ ಯುನಿಕೋಡ್, ನಮ್ಮ ಕೆ.ಪಿ. ರಾವ್ ಅವರ ಕೀಲಿಮಣೆ - ಎಲ್ಲವೂ ಇದೇ ದಾರಿ ಹಿಡಿದವು. ಹಾಗಾಗಿ ಸಾರಕ್ಕಿ ಎಂದರೆ ಸ, ಇಳಿ, ರ, ಕ, ಹಲಂತ, ಕ, ಗುಡಿಸು. ಒಟ್ಟು 7 ಆಯ್ಕೆ, ಸ್ವಿಚ್ಚಿಗೆ 14 ಒತ್ತು.

ಬಾಯಲ್ಲಿ ಕಡ್ಡಿ ಕಚ್ಚಿ ಟೈಪಿಸುವವರ ಕಷ್ಟ ಬೇರೆ. ರಾವ್ ಅವರ ವಿನ್ಯಾಸದಲ್ಲಿ 'ಸಾ' ಬರೆಯಲು ಶಿಫ್ಟ್ ಹಿಡಿದೇ ಇನ್ನೊಂದು ಕೀಲಿ ಒತ್ತಬೇಕು. ಒಂದೇ ಕಡ್ಡಿಯಲ್ಲಿ ಅದು ಹೇಗೆ ಸಾಧ್ಯ? ಇನ್‌ಸ್ಕ್ರಿಪ್ಟಿನಲ್ಲಿ ಸಾರಕ್ಕಿಗೆ ಶಿಫ್ಟ್ ಬೇಡ. ಆದರೆ ಅದು ಎರಡು ಕೈಗಳ ಲೆಕ್ಕದಲ್ಲಿ ಮಾಡಿದ್ದು: ಸ್ವರ ಎಡಕ್ಕೆ, ವ್ಯಂಜನ ಬಲಕ್ಕೆ. ಕಡ್ಡಿ ಅತ್ತಿಂದಿತ್ತ ಹಾರುತ್ತಲೇ ಇರಬೇಕು. ಶಿಫ್ಟನ್ನು ಐದು ಸಲ ಒತ್ತಿದರೆ ಕುಂಯ್ ಎಂದು ಏಳುವ 'ಸ್ಟಿಕಿ ಕೀಸ್' ಕಂಡು ನೀವು ಬೈದುಕೊಂಡಿರಬಹುದು. ವಿಂಡೋಸ್ 95ರಿಂದ ಅದು ಇರುವುದೇ ಇಂಥವರಿಗಾಗಿ. ಶಿಫ್ಟನ್ನು ಒಮ್ಮೆ ಒತ್ತಿ ಬಿಟ್ಟರೆ ಸಾಕು, ಮುಂದಿನ ಕೀಲಿಯವರೆಗೆ ಅದು ಕಾಯುತ್ತದೆ.

2017ರಲ್ಲಿ ಗೂಗಲ್‌ನ ಧ್ವನಿ ಟೈಪಿಂಗ್ ಕನ್ನಡಕ್ಕೂ ಬಂತು. ಕೈ ಆಡದವರಿಗೆ ದೊಡ್ಡ ವರ. ಆದರೆ ಸೆರೆಬ್ರಲ್ ಪಾಲ್ಸಿಯಂಥ ತೊಂದರೆಯಲ್ಲಿ ಎಷ್ಟೋ ಜನರಿಗೆ ಕೈಯ ಜೊತೆ ಮಾತೂ ಸ್ಪಷ್ಟವಿರುವುದಿಲ್ಲ. ಅವರಿಗೆ ಉಳಿಯುವುದು ಸ್ವಿಚ್ಚು, ಇಲ್ಲವೇ ಕಣ್ಣು. ಕಣ್ಣೋಟದಲ್ಲೇ ಬರೆಯಿಸುವ 'ಡ್ಯಾಶರ್' ಬಗ್ಗೆ ಕೇಂಬ್ರಿಜ್‌ನ ಡೇವಿಡ್ ವಾರ್ಡ್ ಮತ್ತು ಡೇವಿಡ್ ಮೆಕೇ 2002ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಮುಂದಿನ ಅಕ್ಷರ ಯಾವುದೆಂದು ಊಹಿಸಿ, ಅದಕ್ಕೆ ಹೆಚ್ಚು ಜಾಗ ಕೊಡುವುದೇ ಅದರ ಗುಟ್ಟು.

ಆ ಊಹೆಗೆ ಬೇಕಾದದ್ದು ಕನ್ನಡ ಪಠ್ಯ ಮತ್ತು ಪದಪಟ್ಟಿ. 'ಸಾರ' ಎನ್ನುವಷ್ಟರಲ್ಲಿ ಸಾರಕ್ಕಿ ಎಂಬ ಸಲಹೆ ಬಂದರೆ 7 ಆಯ್ಕೆ 4ಕ್ಕೆ ಇಳಿಯುತ್ತದೆ, 14 ಒತ್ತು 8ಕ್ಕೆ. ಕನ್ನಡ ತಂತ್ರಾಂಶ ಮಾಡುವವರು ಈ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಲಿ. ಉಳಿದ ಆರು ಒತ್ತಿನಲ್ಲಿ ಅವರು ಇನ್ನೊಂದು ಮಾತು ಶುರು ಮಾಡಬಹುದು, ಅಲ್ಲವೇ?