ಮನೆಮಾತಲ್ಲದ ಕನ್ನಡವನ್ನು ಆಟವಾಗಿಸಿದ ಮೇಷ್ಟರು

'ನಾಗರಹಾವೆ', 'ತೆಂಕಣ ಗಾಳಿಯಾಟ', 'ಹುತ್ತರಿ ಹಾಡು' - ಈ ಮೂರರಲ್ಲಿ ಒಂದನ್ನಾದರೂ ಬಾಯಿಪಾಠ ಮಾಡದೆ ಕನ್ನಡ ಶಾಲೆ ದಾಟಿದವರು ನಮ್ಮ ಹಿರಿಯರಲ್ಲಿ ವಿರಳ. ಇವನ್ನು ಬರೆದ ಪಂಜೆ ಮಂಗೇಶರಾಯರನ್ನು 'ಮಕ್ಕಳ ಕವಿ' ಎಂದು ಕರೆದು ನಾವು ಸುಮ್ಮನಾಗಿಬಿಡುತ್ತೇವೆ. ಆದರೆ ವೃತ್ತಿಯಿಂದ ಅವರು ಮೇಷ್ಟರು. ಕಾಲೇಜಿನ ಕನ್ನಡ ಪಂಡಿತರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ, ಹೆಡ್‌ಮಾಸ್ತರರಾಗಿ ಬಾಳನ್ನೆಲ್ಲ ಶಾಲೆಯ ಸುತ್ತಲೇ ಕಳೆದವರು. ಅವರ ಹಾಡುಗಳನ್ನು ಪುಸ್ತಕದ ಪುಟದಿಂದ ತೆಗೆದು ತರಗತಿಯಲ್ಲಿಟ್ಟು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ.

ಪಂಜೆಯವರು ಹುಟ್ಟಿದ್ದು 1874ರಲ್ಲಿ, ಬಂಟವಾಳದಲ್ಲಿ. ಅವರ ಮನೆಮಾತು ಕೊಂಕಣಿ, ಬೀದಿಯ ಮಾತು ತುಳು. ಕನ್ನಡ ಶಾಲೆಯ ಮಾತು. ಇದು ಅವರೊಬ್ಬರ ಸ್ಥಿತಿಯಲ್ಲ. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಆಡುವ ಮನೆಗಳ ಮಕ್ಕಳು ಒಂದೇ ಹಲಗೆಯ ಮೇಲೆ ಕೂತು ಕನ್ನಡ ಅಕ್ಷರ ತಿದ್ದುತ್ತಿದ್ದರು. ಮೈಸೂರಿನ ಹುಡುಗ ಅಮ್ಮನ ಬಾಯಲ್ಲಿ ಕೇಳಿದ ಮಾತನ್ನೇ ಪುಸ್ತಕದಲ್ಲಿ ಕಂಡರೆ, ಕರಾವಳಿಯ ಬಹಳಷ್ಟು ಮಕ್ಕಳಿಗೆ ಆ ಮಾತು ಮೊದಲು ಸಿಗುತ್ತಿದ್ದುದೇ ಪುಸ್ತಕದಲ್ಲಿ. ಅಲ್ಲಿನ ಕನ್ನಡಕ್ಕೆ ಇಂದಿಗೂ 'ಪುಸ್ತಕದ ಕನ್ನಡ' ಎಂಬ ಹೆಸರು ಅಂಟಿಕೊಂಡಿರುವುದು ಸುಮ್ಮನೆ ಅಲ್ಲ.

ಹೀಗೆ ಅಪರಿಚಿತವಾದ ಭಾಷೆಯನ್ನು ಕಲಿಸುವುದು ಹೇಗೆ? ಆ ಕಾಲದ ಉತ್ತರ ಬೆತ್ತ ಮತ್ತು ಬಾಯಿಪಾಠ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮದ್ರಾಸ್ ಪ್ರಾಂತದ ಅನೇಕ ಶಾಲೆಗಳಿಗೆ ಸರ್ಕಾರದ ಅನುದಾನ ಸಿಗುತ್ತಿದ್ದುದು ಮಕ್ಕಳ ಪರೀಕ್ಷಾಫಲವನ್ನು ನೋಡಿ. ಇನ್ಸ್‌ಪೆಕ್ಟರರು ಬಂದು ಕೇಳಿದ ಪ್ರಶ್ನೆಗೆ ಮಗು ತಡವರಿಸಿದರೆ ಶಾಲೆಯ ಕಾಸಿಗೇ ಸಂಚಕಾರ. ಮೇಷ್ಟರ ಭಯ ಮಕ್ಕಳ ಬೆನ್ನಿಗೆ ಇಳಿಯುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಮುಂದೆ ಅದೇ ಪ್ರಾಂತದ ಇನ್ಸ್‌ಪೆಕ್ಟರ್ ಹುದ್ದೆಗೆ ಬಂದ ಪಂಜೆಯವರು ಹಿಡಿದ ದಾರಿ ಬೇರೆ. ಅವರೇನು ವ್ಯಾಕರಣ ತಿಳಿಯದವರಲ್ಲ. ಕಿಟ್ಟೆಲ್ ಸಂಪಾದಿಸಿದ್ದ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಪರಿಷ್ಕರಿಸಿದ ಪಂಡಿತರು. ಅಂಥವರು ಮಕ್ಕಳ ಮುಂದೆ ಮಾತ್ರ ವ್ಯಾಕರಣವನ್ನು ಹಿಂದಿಟ್ಟು ನಾದವನ್ನು ಮುಂದಿಟ್ಟರು. ಅರ್ಥ ಆಮೇಲೆ ಬಂದರೂ ಸರಿ, ಮೊದಲು ನಾಲಗೆ ತಿರುಗಬೇಕು. ನಾಲಗೆ ತಿರುಗಬೇಕಾದರೆ ಕಿವಿಗೆ ಹಿತವಾಗಬೇಕು - ಇದು ಅವರ ಹಾಡುಗಳಲ್ಲಿ ಎದ್ದು ಕಾಣುವ ಸೂತ್ರ.

'ನಾಗರಹಾವೆ' ಪದ್ಯವನ್ನೇ ನೋಡಿ. ಹಾವನ್ನು ಕರೆಯುವ, ಅದರಿಂದ ಬೇಡುವ, ಕೊನೆಗೆ ಸಾಗಹಾಕುವ ಕ್ರಿಯಾಪದಗಳೆಲ್ಲ ಒಂದೊಂದೇ ಅಕ್ಷರದವು; ಸಾಲುಸಾಲಾಗಿ ಮತ್ತೆ ಮತ್ತೆ ಬರುತ್ತವೆ. ತುಳು ಆಡುವ ಮಗು ನಾಲ್ಕು ಸಲ ಕೂಗುವುದರಲ್ಲಿ ಕನ್ನಡದ ಅತ್ಯಂತ ಅಗತ್ಯದ ಕೆಲವು ಕ್ರಿಯಾಪದಗಳು ಅದರ ಸ್ವತ್ತಾಗುತ್ತವೆ. ಹಾವು ಬಂತೆಂಬ ಪುಳಕ ಬೇರೆ! 'ತೆಂಕಣ ಗಾಳಿಯಾಟ'ದಲ್ಲಿ ಅಕ್ಷರಗಳೇ ಬಿರುಗಾಳಿಯಂತೆ ಬೊಬ್ಬೆ ಹೊಡೆಯುತ್ತವೆ. ಕರಾವಳಿಯ ಮಗುವಿಗೆ ಆ ಗಾಳಿ ಗೊತ್ತು, ಆ ಕಡಲು ಗೊತ್ತು. ಗೊತ್ತಿಲ್ಲದ್ದು ಅದರ ಕನ್ನಡದ ಹೆಸರು ಮಾತ್ರ. 'ಸಿಗಡಿ ಯಾಕೆ ಒಣಗಲಿಲ್ಲ?' ಎಂಬ ಕಥೆಯಲ್ಲಿ ಒಂದೇ ಪ್ರಶ್ನೆ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಕೊನೆಗೆ ಇರುವೆಯ ಬಳಿ ನಿಲ್ಲುತ್ತದೆ. ಕನ್ನಡದಲ್ಲಿ ಪ್ರಶ್ನೆ ಕೇಳುವ, ಕಾರಣ ಹೇಳುವ ವಾಕ್ಯರಚನೆ ಇಡೀ ಇಲ್ಲಿದೆ. ಮಗುವಿಗೆ ಅದು ಪಾಠವೆಂದು ತಿಳಿಯುವುದೇ ಇಲ್ಲ.

ಇನ್ನೊಂದು ಮಾತು. ಕನ್ನಡ ಕಲಿಸುವ ನೆಪದಲ್ಲಿ ಪಂಜೆಯವರು ಮಕ್ಕಳ ಮನೆಮಾತನ್ನು ಕೀಳುಗಳೆಯಲಿಲ್ಲ. ತುಳು ಪಾಡ್ದನಗಳ ವೀರರಾದ ಕೋಟಿ ಚೆನ್ನಯರ ಕಥೆಯನ್ನು ಕನ್ನಡಕ್ಕೆ ತಂದು 1924ರಲ್ಲಿ ಪ್ರಕಟಿಸಿದರು. ಮಡಿಕೇರಿಯ ಹೈಸ್ಕೂಲಿಗೆ ಹೆಡ್‌ಮಾಸ್ತರರಾಗಿ ಹೋದಾಗ ಅಲ್ಲಿಯೂ ಇದೇ ಪರಿಸ್ಥಿತಿ; ಮಕ್ಕಳ ಮನೆಯಲ್ಲಿ ಕೊಡವ ತಕ್ಕ್, ಶಾಲೆಯಲ್ಲಿ ಕನ್ನಡ. ಅಲ್ಲಿ ಅವರು ಕೊಡವರ ಸುಗ್ಗಿಹಬ್ಬದ ಮೇಲೆಯೇ 'ಹುತ್ತರಿ ಹಾಡು' ಕಟ್ಟಿದರು. ನಿಮ್ಮ ಹಬ್ಬ, ನಿಮ್ಮ ಬೆಟ್ಟ, ನಿಮ್ಮ ವೀರರು ಈ ಭಾಷೆಯಲ್ಲೂ ಇದ್ದಾರೆ ಎಂದು ಮಗುವಿಗೆ ತೋರಿಸಿಕೊಡುವುದಕ್ಕಿಂತ ದೊಡ್ಡ ಸ್ವಾಗತ ಯಾವುದಿದೆ?

ಇದರ ಫಲ ನಮ್ಮ ಕಣ್ಣ ಮುಂದಿದೆ. ಪಂಜೆಯವರ ಬಳಿ ಕಲಿತ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತೂ ಕೊಂಕಣಿಯೇ. 1949ರಲ್ಲಿ ಮದ್ರಾಸ್ ಸರ್ಕಾರ ಅವರಿಗೆ 'ರಾಷ್ಟ್ರಕವಿ' ಬಿರುದನ್ನಿತ್ತಿತು. ಇಷ್ಟು ಕೆಲಸ ಮಾಡಿದ ಪಂಜೆಯವರು ತಮಗಿಟ್ಟುಕೊಂಡ ಕಾವ್ಯನಾಮ ಮಾತ್ರ 'ಕವಿಶಿಷ್ಯ'. ಕಲಿಸುವವನು ಕಲಿಯುವವನಾಗಿಯೇ ಉಳಿಯಬೇಕೆಂಬ ವಿನಯ ಆ ಹೆಸರಿನಲ್ಲಿದೆ. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಅವರನ್ನು ಅರಸಿ ಬಂತು. 1937ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.

ಇಂದು ಈ ಕಥೆ ಕರಾವಳಿಗಷ್ಟೇ ಸೇರಿದ್ದಲ್ಲ. ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ ಮನೆಗಳ ಮಕ್ಕಳು ಕನ್ನಡ ಕಲಿಯುತ್ತಿದ್ದಾರೆ. ಹಳ್ಳಿಯ ಕನ್ನಡದ ಮಕ್ಕಳು ಮನೆಯಲ್ಲಿ ಯಾರೂ ಆಡದ ಇಂಗ್ಲಿಷಿನೊಡನೆ ಗುದ್ದಾಡುತ್ತಿದ್ದಾರೆ. ಇಬ್ಬರೂ ಇರುವುದು ಒಂದು ಕಾಲದ ಬಂಟವಾಳದ ಆ ಹಲಗೆಯ ಮೇಲೆಯೇ. ಅವರಿಗೆ ನಾವು ಮೊದಲು ಕೊಡುತ್ತಿರುವುದು ಬಹುಪಾಲು ಅಂಕದ ಭಯ. ಹೊಸ ಭಾಷೆಯೊಂದು ಮಗುವಿಗೆ ಶಿಕ್ಷೆಯಾಗುತ್ತದೋ ಆಟವಾಗುತ್ತದೋ ಎಂಬುದು ಭಾಷೆಯ ಕೈಯಲ್ಲಿಲ್ಲ, ಮೇಷ್ಟರ ಕೈಯಲ್ಲಿದೆ. ಪಂಜೆಯವರು ಇದನ್ನು ನೂರು ವರ್ಷದ ಹಿಂದೆಯೇ ಮಾಡಿ ತೋರಿಸಿದ್ದಾರೆ.