ಮದ್ದಿನ ಅಳತೆ, ಗುಂಡಿನ ತೂಕ: ಗಡಿನಾಡಿನ ಹಂದಿಬೇಟೆಯ ಒಂದು ಚರಿತ್ರೆ

ಗಡಿನಾಡಿನ ಭಾಷೆಗಳು ಬಂದೂಕಿಗೆ ಕೊಟ್ಟ ಹೆಸರುಗಳನ್ನು ಒಂದೆಡೆ ಇಟ್ಟು ನೋಡಿದರೆ, ಒಂದೊಂದು ಪದವೂ ಆ ಆಯುಧದ ಒಂದೊಂದು ಅಂಶವನ್ನು ಹಿಡಿದಿರುವುದು ಕಾಣುತ್ತದೆ. ಕನ್ನಡದ ‘ಕೋವಿ’ ಎಂದರೆ ಕೊಳವೆ. ಇಲ್ಲಿ ಹೆಸರು ನಳಿಗೆಯದು. ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ‘ಬಂದೂಕು’ ಮೊದಲು ಒಂದು ಬಗೆಯ ಕಾಯಿಯನ್ನೂ ಆಮೇಲೆ ಅದರಂತೆ ಉರುಟಾದ ಗುಂಡನ್ನೂ ಸೂಚಿಸಿದ ಪದ. ಇಲ್ಲಿ ಹೆಸರು ಗುಂಡಿನದು. ತುಳುವಿನ ‘ಬೆಡಿ’, ಮಲಯಾಳದ ‘ವೆಡಿ’ ಸಿಡಿತವನ್ನು ಹೇಳುತ್ತವೆ. ಕುಂಬಳೆಯ ಗೋಪಾಲಕೃಷ್ಣ ದೇವಾಲಯದ ಉತ್ಸವದ ಸಿಡಿಮದ್ದು ‘ಕುಂಬಳೆ ಬೆಡಿ’ ಎಂದೇ ಹೆಸರಾಗಿದೆ. ನಳಿಗೆ, ಗುಂಡು, ಸಿಡಿತ ಈ ಮೂರೂ ಹೆಸರಾದವು. ಮೂರನ್ನೂ ಒಂದುಗೂಡಿಸುವ ಕೈಕೆಲಸ, ಅಂದರೆ ತುಂಬುವಿಕೆ, ಹೆಸರಾಗಲಿಲ್ಲ. ಹಂದಿಬೇಟೆಯ ಚರಿತ್ರೆಯಲ್ಲಿ ನಿರ್ಣಾಯಕವಾದುದು ಈ ಕೈಕೆಲಸವೇ.

ಅದರ ಸುಳಿವು ಇನ್ನೊಂದು ಪದದಲ್ಲಿದೆ. ಕನ್ನಡದ ‘ಮದ್ದು’, ಮಲಯಾಳದ ‘ಮರುನ್ನು’ ಎರಡಕ್ಕೂ ಔಷಧಿ ಮತ್ತು ಸಿಡಿಪುಡಿ ಎಂಬ ಎರಡು ಅರ್ಥಗಳಿವೆ. ಔಷಧಿಗೆ ಪ್ರಮಾಣವಿರುವಂತೆ ಕೋವಿಯ ಮದ್ದಿಗೂ ಪ್ರಮಾಣವಿದೆ: ಕಡಿಮೆಯಾದರೆ ಪ್ರಯೋಜನವಿಲ್ಲ, ಹೆಚ್ಚಾದರೆ ಹಾಕಿದವನಿಗೇ ಅಪಾಯ. ಬಾಯಿಯಿಂದ ತುಂಬುವ ಕೇಪಿನ ಕೋವಿಯಲ್ಲಿ ಈ ಪ್ರಮಾಣವನ್ನು ಪ್ರತಿ ಈಡಿಗೂ ಹೊಸದಾಗಿ ನಿರ್ಧರಿಸಬೇಕು. ಮದ್ದು ಎಷ್ಟು, ಚರೆಯೋ ಒಂಟಿ ಗುಂಡೋ ಎಂಬುದನ್ನು ಕಾರ್ಖಾನೆಯಲ್ಲ, ಕೋವಿ ಹಿಡಿದವನು ತೀರ್ಮಾನಿಸುತ್ತಾನೆ.

ಹಂದಿಯ ವಿಷಯದಲ್ಲಿ ಈ ತೀರ್ಮಾನಕ್ಕೆ ಬೇರೆಯೇ ಗಾಂಭೀರ್ಯವಿದೆ. ಬೆಳೆದ ಗಂಡುಹಂದಿಯ ಹೆಗಲ ಮೇಲೆ ಚರ್ಮದಡಿಯ ಅಂಗಾಂಶ ಗುರಾಣಿಯಂತೆ ದಪ್ಪಗಟ್ಟಿರುತ್ತದೆ. ಹಕ್ಕಿಗೆ ಸಾಕಾಗುವ ಚರೆ ಅದನ್ನು ಕೊಲ್ಲದು, ಕೆರಳಿಸುತ್ತದೆ. ಗಾಯಗೊಂಡ ಹಂದಿ ಪೊದೆಯೊಳಗೆ ದಿನಗಟ್ಟಲೆ ನರಳಿ ಸಾಯಬಹುದು, ಇಲ್ಲವೇ ಮರುದಿನ ಆ ದಾರಿಯಲ್ಲಿ ಬಂದವರ ಮೇಲೆ ಎರಗಬಹುದು. ಆದ್ದರಿಂದ ಭಾರವಾದ ಒಂಟಿ ಗುಂಡಿನ ಆಯ್ಕೆ ಕೇವಲ ಬಲಪ್ರದರ್ಶನವಲ್ಲ. ಅದು ಪ್ರಾಣಿಯ ನೋವಿಗೂ ನೆರೆಯವರ ಸುರಕ್ಷತೆಗೂ ಸಂಬಂಧಿಸಿದ ಹೊಣೆ.

ಉರುಟು ಗುಂಡಿನ ತೂಕಕ್ಕೆ ನಳಿಗೆಯ ಅಗಲವೇ ಮಿತಿ. ಹಳೆಯ ‘ಬೋರ್’ ಲೆಕ್ಕ ಹುಟ್ಟಿದ್ದೇ ಇದರಿಂದ: ಒಂದು ಪೌಂಡ್ ಸೀಸದಿಂದ ನಳಿಗೆಯಷ್ಟೇ ಅಗಲದ 12 ಗುಂಡುಗಳಾದರೆ ಅದು 12 ಬೋರ್, ಒಂದೊಂದು ಗುಂಡು ಸುಮಾರು 38 ಗ್ರಾಂ. ಅಂಥ ತೂಕ ಬೇಕಾದರೆ ಅಷ್ಟು ಅಗಲದ ನಳಿಗೆ ಬೇಕು. ಕಿರಿದಾದ ನಳಿಗೆಯಲ್ಲಿ ತೂಕ ಹೆಚ್ಚಿಸಲು ಗುಂಡನ್ನು ಉದ್ದವಾಗಿಸುವುದೊಂದೇ ದಾರಿ.

ಈ ಎರಡನೆಯ ದಾರಿ ಎಲ್ಲಿಯವರೆಗೆ ಹೋಯಿತು ಎಂಬುದಕ್ಕೆ ಅಮೆರಿಕದ ರಿವಾಲ್ವರಿನ ಕಥೆ ಒಳ್ಳೆಯ ನಿದರ್ಶನ. 1539ರಲ್ಲಿ ಹೆರ್ನಾಂಡೊ ಡಿ ಸೊಟೊ ಫ್ಲಾರಿಡಾಕ್ಕೆ ತಂದ ಸಾಕುಹಂದಿಗಳಂಥವು ಕಾಡುಬಿದ್ದು, 1912ರಲ್ಲಿ ಉತ್ತರ ಕೆರೊಲಿನಾದ ಹೂಪರ್ ಬಾಲ್ಡ್ ಬೆಟ್ಟಕ್ಕೆ ಬೇಟೆಗೆಂದು ತಂದ ಯುರೋಪಿನ ಕಾಡುಹಂದಿಗಳೂ ಬೇಲಿ ದಾಟಿ, ಅಲ್ಲಿ ಹಂದಿ ದೊಡ್ಡ ಪಿಡುಗಾಯಿತು. ಇತ್ತ ಐಡಾಹೋದ ದನಗಾಹಿ ಹಾಗೂ ಲೇಖಕ ಎಲ್ಮರ್ ಕೀತ್ 1920ರ ದಶಕದ ಕೊನೆಯಿಂದ .44 ಸ್ಪೆಷಲ್ ತೋಟೆಗಳಿಗೆ ತಾನೇ ರೂಪಿಸಿದ ಅಚ್ಚಿನಲ್ಲಿ ಎರಕ ಹೊಯ್ದ ಗುಂಡನ್ನು ಕೈಯಾರೆ ತುಂಬುತ್ತಿದ್ದ. ಅದರ ತೂಕ ಸುಮಾರು 250 ಗ್ರೇನ್, ಅಂದರೆ 16 ಗ್ರಾಂ; ಅದೇ ವ್ಯಾಸದ ಉರುಟು ಗುಂಡು 8 ಗ್ರಾಂ ಕೂಡ ತೂಗದು. ಅವನ ಒತ್ತಾಯದ ಫಲವಾಗಿ 1955-56ರಲ್ಲಿ ರೆಮಿಂಗ್ಟನ್ ಮತ್ತು ಸ್ಮಿತ್ ಅಂಡ್ ವೆಸನ್ ಸಂಸ್ಥೆಗಳು .44 ಮ್ಯಾಗ್ನಮ್ ತೋಟೆಯನ್ನೂ ಅದಕ್ಕೊಪ್ಪುವ ರಿವಾಲ್ವರನ್ನೂ ಹೊರತಂದವು. ಅಮೆರಿಕದ ಹಂದಿಬೇಟೆಯಲ್ಲಿ ಅದು ಇಂದೂ ಬಳಕೆಯಲ್ಲಿದೆ. ಒಬ್ಬ ವ್ಯಕ್ತಿಯ ಕೈಯ ಅನುಭವ ಅಲ್ಲಿ ಕಾರ್ಖಾನೆಯ ಮಾನದಂಡವಾಯಿತು. ತೂಕದ ಮಾನವಾದ ‘ಗ್ರೇನ್’ ಎಂದರೆ ಧಾನ್ಯದ ಕಾಳು. ಹಂದಿ ತಿನ್ನುವ ಕಾಳೇ ಹಂದಿಯನ್ನು ಕೊಲ್ಲುವ ಗುಂಡಿಗೆ ತೂಕದ ಕಲ್ಲಾಯಿತು.

ಕಾಸರಗೋಡು, ವಯನಾಡು, ಕೊಡಗುಗಳಲ್ಲಿ ಇದೇ ಅನುಭವ ಕಾರ್ಖಾನೆಯ ಕಡೆಗೆ ಸಾಗಲಿಲ್ಲ, ಕಾನೂನಿನ ಕಡೆಗೆ ಸಾಗಿತು. 1861ರಲ್ಲಿ ಮೈಸೂರು ಮತ್ತು ಕೊಡಗಿನ ಆಯುಕ್ತನಾಗಿದ್ದ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಹಾಗೂ ಮಲಬಾರಿನ ರೈತರಾದರೋ 1878ರ ಶಸ್ತ್ರ ಕಾಯಿದೆಯ ಪರವಾನಗಿಗೆ ಒಳಪಟ್ಟರು. ಸ್ವತಂತ್ರ ಭಾರತದ 1959ರ ಶಸ್ತ್ರ ಕಾಯಿದೆ ಈ ವ್ಯತ್ಯಾಸವನ್ನು ಅಳಿಸಲಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಲಾಯಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಅದೇ 1959ರ ಕಾಯಿದೆಯ 13ನೆಯ ಕಲಮಿನಲ್ಲಿ ಗಮನಿಸಬೇಕಾದ ಮಾತೊಂದಿದೆ. ಬೆಳೆ ರಕ್ಷಣೆಗೆಂದು ಪ್ರಾಮಾಣಿಕವಾಗಿ ಕೇಳುವವನಿಗೆ ಕೊಡಬೇಕಾದದ್ದು ಬಾಯಿಯಿಂದ ತುಂಬುವ ಕೋವಿಯ ಪರವಾನಗಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟೆ ಕೋವಿ. ಕಾಯಿದೆಯು ತನಗರಿವಿಲ್ಲದೆಯೇ ರೈತನ ಕೈಯ ಅಳತೆಯನ್ನು ನಂಬಿತು. ಯಾವ ಕೋವಿ ಎಂಬುದನ್ನು ಅದು ನಿಗದಿ ಮಾಡಿತು; ಹಂದಿಗೆ ಯಾವ ಗುಂಡು ಸಲ್ಲುತ್ತದೆ ಎಂಬ ತಿಳಿವನ್ನು ಊರಿಗೇ ಬಿಟ್ಟಿತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅದರ ಅಂಚಿನ ಗೆರೆ ಕೇರಳದ ಗಡಿಗೆರೆಯಾಯಿತು. ಪಾಣತ್ತೂರಿನಿಂದ ಕರಿಕೆಗೆ ಹೋಗುವ ರಸ್ತೆಯಲ್ಲಿ ಆ ಗೆರೆಯನ್ನು ಹಂದಿ ರಾತ್ರಿಯೊಂದರಲ್ಲಿ ಎಷ್ಟು ಬಾರಿಯಾದರೂ ದಾಟಬಹುದು. ಕೋವಿ ದಾಟಲಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡುಹಂದಿಯನ್ನು ಅನುಸೂಚಿಗೆ ಸೇರಿಸಿದ ಮೇಲೆ, ವಿನಾಯಿತಿ ಇದ್ದವನಿಗೂ ಇಲ್ಲದವನಿಗೂ ಅನುಮತಿಯಿಲ್ಲದ ಬೇಟೆ ನಿಷಿದ್ಧವಾಯಿತು. ಕೋವಿ ಇಟ್ಟುಕೊಳ್ಳುವ ಹಕ್ಕು ಉಳಿದ ಕಡೆಯೂ ಅದನ್ನು ಹಂದಿಗೆ ತುಂಬುವ ಸಂದರ್ಭ ಕುಗ್ಗಿತು.

ಐವತ್ತು ವರ್ಷಗಳ ಬಳಿಕ, 2022ರ ಮೇ ತಿಂಗಳಲ್ಲಿ, ಕೇರಳ ಸರ್ಕಾರ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಅಧಿಕಾರ ಕೊಟ್ಟಿತು. ಬೆಳೆಗೆ ಎರಗುವ ಹಂದಿಯನ್ನು ಪರವಾನಗಿಯ ಕೋವಿಯಿಂದ ಕೊಲ್ಲಲು ಅವರು ಆದೇಶಿಸಬಹುದು. ವಿಷ, ಸ್ಫೋಟಕ, ವಿದ್ಯುತ್ ತಂತಿ ಕೂಡದು. ಆದೇಶದ ಆಶಯ ಸ್ಪಷ್ಟ: ಕ್ರೌರ್ಯವಿಲ್ಲದ ಸಾವು. ಆದರೆ ಅಂಥ ಸಾವು ಅನುಮತಿಪತ್ರದಿಂದ ಬರುವುದಲ್ಲ. ಅದು ಬರುವುದು ದೂರ, ತೂಕ, ಮದ್ದು ಈ ಮೂರನ್ನೂ ಬಲ್ಲ ಕೈಯಿಂದ. ಎರಡು ತಲೆಮಾರು ಅಪರಾಧವಾಗಿದ್ದ ತಿಳಿವು ಒಂದು ಸುತ್ತೋಲೆಯಿಂದ ಮರಳಲಾರದು.

ನಿಷೇಧದ ಹಿಂದಿನ ಕಾಳಜಿ ನಿಜವಾದುದು. ಬೇಟೆಯ ಗತವೈಭವವನ್ನು ಮರಳಿ ತರಬೇಕೆಂಬ ವಾದಕ್ಕೆ ಈ ಚರಿತ್ರೆ ಆಧಾರವಾಗದು. ಕಾನೂನು ಕೋವಿಗಳ ಪಟ್ಟಿಯನ್ನು ಇಟ್ಟಿದೆ, ಕೈಗಳ ಪಟ್ಟಿಯನ್ನು ಇಟ್ಟಿಲ್ಲ ಎಂಬುದಷ್ಟೇ ಅದರಿಂದ ತಿಳಿಯುವ ಸಂಗತಿ. ಆ ಪಟ್ಟಿ ಉಳಿದಿರುವುದು ಈಡು, ಚರೆ, ಕೇಪು, ಮದ್ದು, ಬೆಡಿ ಎಂಬ ಗಡಿಯ ಪದಗಳಲ್ಲಿ. ಅವುಗಳನ್ನು ಬಳಸಿ ಬಲ್ಲ ಹಿರಿಯರು ಇರುವಾಗಲೇ, ಪದದೊಂದಿಗೆ ಅದರ ಅಳತೆಯನ್ನೂ ದಾಖಲಿಸುವುದು ಗಡಿನಾಡಿನ ನಿಘಂಟುಕಾರರ ಮುಂದಿರುವ ಕೆಲಸ.