ಖಾಲಿ ಕಾಗದದ ಹೆಬ್ಬೆಟ್ಟು

ನಮ್ಮ ಆಯಿಗೆ ಓದು ಬರಹ ಬರುತ್ತಿರಲಿಲ್ಲ, ಲೆಕ್ಕ ಬರುತ್ತಿತ್ತು. ಆಯಿ ಎಂದರೆ ನನ್ನ ತಂದೆಯ ತಾಯಿ. ಭಾಲ್ಕಿಯ ನಮ್ಮ ಹಳೆಯ ಮನೆಯಲ್ಲಿ ಒಲೆಯ ಬಲಕ್ಕಿದ್ದ ಗೋಡೆಯೇ ಆಕೆಯ ಖಾತೆ ಪುಸ್ತಕ. ಹಾಲಿಗೆ ಸುಣ್ಣದ ಗೆರೆ, ಆಳಿನ ಕೂಲಿಗೆ ಇದ್ದಿಲ ಗೆರೆ, ನೆರೆಮನೆಗೆ ಕೈಗಡ ಕೊಟ್ಟ ಜೋಳಕ್ಕೆ ಒಂದು ಸೊನ್ನೆ. ಕೊಟ್ಟದ್ದು ತಿರುಗಿ ಬಂದ ದಿನ ಸೊನ್ನೆಯ ನಡುವೆ ಒಂದು ಗೆರೆ ಎಳೆಯುತ್ತಿದ್ದಳು. ದೀಪಾವಳಿಗೆ ಸುಣ್ಣ ಹಚ್ಚುವ ಮುನ್ನ ಎಲ್ಲ ಗುರುತುಗಳನ್ನೂ ಎಣಿಸಿ, ಬಾಕಿ ಉಳಿದದ್ದನ್ನು ಮನೆಯವರ ಮುಂದೆ ಬಾಯಿಂದ ಹೇಳಿ, ಹೊಸ ಗೋಡೆಯ ಮೇಲೆ ಮೊದಲು ಅದನ್ನೇ ಬರೆಯುತ್ತಿದ್ದಳು. ಮುಂದೆ ಮೂವತ್ತು ವರ್ಷ ನಾನು ಬೀದರಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಿದೆ. ಹಳೆಯ ವರ್ಷದ ಬಾಕಿಯನ್ನು ಹೊಸ ವರ್ಷಕ್ಕೆ ಒಯ್ಯುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಯಾವ ಪುಸ್ತಕದಲ್ಲಿಯೂ ಸಿಗಲಿಲ್ಲ.

ಇಂಥ ಆಯಿಯೇ ನಾಲ್ಕು ಎಕರೆ ಎರೆಹೊಲ ಕಳೆದುಕೊಂಡಳು. ಅದು ನಿಜಾಮನ ಕಾಲ. ಚಿಕ್ಕ ವಯಸ್ಸಿಗೇ ಗಂಡ ತೀರಿದ್ದ. ಬಿತ್ತನೆಗೆ ಹಣ ಬೇಕಾದಾಗ ಒಂದು ಅಡತಿ ಅಂಗಡಿಯಿಂದ ತರುವುದು, ಸುಗ್ಗಿಗೆ ತೊಗರಿ, ಉದ್ದು ಹಾಕಿ ತೀರಿಸುವುದು ರೂಢಿ. ಅಂಗಡಿಯ ವಹಿ ಮೋಡಿ ಲಿಪಿಯಲ್ಲಿ, ಮರಾಠಿ ಮಾತಿನಲ್ಲಿ. ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ. ಅಲ್ಲಿಯ ಮೊತ್ತಗಳೂ ಅಂಕಿಗಳಾಗಿ ಇರುತ್ತಿರಲಿಲ್ಲ; ಅರಬ್ಬಿ ಸಂಖ್ಯಾಪದಗಳನ್ನು ಮೊಟಕುಗೊಳಿಸಿ ಮಾಡಿದ ‘ರಕಮು’ಗಳಲ್ಲಿ ಬರೆಯುತ್ತಿದ್ದರು. ನಾಣ್ಯವೂ ಎರಡು ಬಗೆ. ಬ್ರಿಟಿಷರ ಕಲದಾರ 6 ರೂಪಾಯಿಗೆ ನಿಜಾಮನ ಹಾಲಿ ಸಿಕ್ಕಾ ಸುಮಾರು 7 ರೂಪಾಯಿ. ಸಾಲ ಯಾವುದರಲ್ಲಿ ಕೊಟ್ಟರು, ವಸೂಲಿ ಯಾವುದರಲ್ಲಿ ಹಿಡಿದರು ಎಂಬುದು ಮುನೀಮನಿಗೆ ಮಾತ್ರ ಗೊತ್ತು. ಒಂದು ವರ್ಷ ಅವನು ಬರೆಯದ ಛಾಪಾ ಕಾಗದವನ್ನು ಮುಂದಿಟ್ಟು, “ಆಮೇಲೆ ಬರೀತೀನಿ, ಹೆಬ್ಬೆಟ್ಟು ಒತ್ತ್ರಿ ಬಾಯಾರೆ” ಎಂದ. ಆಯಿ ಒತ್ತಿದಳು. ಮರುವರ್ಷ ಹೊಲ ಹೋಯಿತು.

“ನನ್ನ ಗೋಡಿ ಮ್ಯಾಲ ಸಾಲ ತೀರಿತ್ತು, ಅವರ ವಹಿಯಾಗ ತೀರಿದ್ದಿಲ್ಲ” ಎಂದು ಆಯಿ ಮುದುಕಿಯಾದ ಮೇಲೂ ಹೇಳುತ್ತಿದ್ದಳು. ಅಳುತ್ತಿರಲಿಲ್ಲ. ಗೋಡೆಯನ್ನು ಕಚೇರಿಗೆ ಹೊತ್ತುಕೊಂಡು ಹೋಗಲಿಕ್ಕೆ ಬರುತ್ತಿರಲಿಲ್ಲ, ಅಷ್ಟೆ.

ಬೀದರ ನಗರದಲ್ಲಿ ಚೌಬಾರದಿಂದ ಕೋಟೆಗೆ ಹೋಗುವ ದಾರಿಯಲ್ಲಿ ಮಹಮೂದ್ ಗಾವಾನನ ಮದ್ರಸಾ ಇದೆ. ಈಗ ಒಂದೇ ಮಿನಾರು ಉಳಿದಿದೆ. ಬಣ್ಣದ ಹಂಚುಗಳೂ ಅಲ್ಲಲ್ಲಿ ಉಳಿದಿವೆ. 1472ರಲ್ಲಿ ಇದನ್ನು ಕಟ್ಟಿಸಿದವನು ಪಾರಸಿ ದೇಶದ ಗೀಲಾನಿನಿಂದ ಬಂದ ವ್ಯಾಪಾರಿ. 1453ರ ಸುಮಾರಿಗೆ ಬೀದರಿಗೆ ಬಂದು, ಬಹಮನಿ ಸುಲ್ತಾನರಲ್ಲಿ ದೊಡ್ಡ ಮಂತ್ರಿಯಾದ. ವ್ಯಾಪಾರಿಗಳ ಒಡೆಯ ಎಂಬ ಅರ್ಥದ ‘ಮಲಿಕ್-ಉತ್-ತುಜ್ಜಾರ್’ ಬಿರುದು ಪಡೆದ. ಮೂರು ಅಂತಸ್ತಿನ ಆ ಕಟ್ಟಡದಲ್ಲಿ ದೊಡ್ಡ ಗ್ರಂಥಭಂಡಾರವಿತ್ತು. ಗಾವಾನ್ ಸ್ವತಃ ಪತ್ರ ಬರೆಯುವ ಕಲೆಯ ಮೇಲೆ ‘ಮನಾಜಿರ್-ಉಲ್-ಇನ್ಶಾ’ ಎಂಬ ಗ್ರಂಥ ಬರೆದವನು. ಅವನ ಪತ್ರಗಳ ಸಂಗ್ರಹವೂ ಉಳಿದಿದೆ. ವಾಣಿಜ್ಯದ ಮಕ್ಕಳಿಗೆ ‘ವ್ಯವಹಾರ ಪತ್ರ’ ಎಂಬ ಪಾಠ ಕಲಿಸುವಾಗಲೆಲ್ಲ ನಾನು ಅವನನ್ನು ನೆನೆದಿದ್ದೇನೆ.

ಅವನ ಸಾವು ಮಾತ್ರ ನನಗೆ ಆಯಿಯ ಕಥೆಯಂತೆಯೇ ಕಾಣುತ್ತದೆ. ದರ್ಬಾರಿನಲ್ಲಿ ಅವನಿಗೆ ಆಗದವರು, ಅವನ ಮುದ್ರೆ ಕಾಯುತ್ತಿದ್ದವನನ್ನು ಒಲಿಸಿಕೊಂಡು, ಬರೆಯದ ಕಾಗದದ ಮೇಲೆ ಮುದ್ರೆ ಹಾಕಿಸಿದರಂತೆ. ಆಮೇಲೆ ಅದರ ಮೇಲೆ ಶತ್ರುರಾಜನನ್ನು ಕರೆಯುವ ಒಕ್ಕಣೆ ಬರೆದು ಸುಲ್ತಾನನಿಗೆ ತೋರಿಸಿದರಂತೆ. ಫರಿಷ್ತಾ ಎಂಬ ಇತಿಹಾಸಕಾರ ಹೀಗೆ ಹೇಳುತ್ತಾನೆ. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದು ಗಾವಾನ್ ಹೇಳಿದ್ದು ಸುಲ್ತಾನನ ಕಿವಿಗೆ ಬೀಳಲಿಲ್ಲ. 1481ರಲ್ಲಿ ಅವನ ತಲೆ ಹೋಯಿತು. ಪತ್ರ ಬರೆಯುವುದನ್ನು ಲೋಕಕ್ಕೇ ಕಲಿಸಿದವನಿಗೆ ಹೀಗಾದ ಮೇಲೆ, ಅಕ್ಷರ ಬಾರದ ನಮ್ಮ ಆಯಿಯನ್ನು ಪೆದ್ದಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಗಾವಾನ್ ಸತ್ತ ಹದಿಮೂರು ವರ್ಷಕ್ಕೆ, 1494ರಲ್ಲಿ, ವೆನಿಸ್ ನಗರದಲ್ಲಿ ಲೂಕಾ ಪಾಚೊಲಿ ಎಂಬ ಸನ್ಯಾಸಿಯ ಗಣಿತದ ಪುಸ್ತಕ ಅಚ್ಚಾಯಿತು. ನಾವು ಕಾಲೇಜಿನಲ್ಲಿ ಕಲಿಸುವ ಜಮಾ-ಖರ್ಚಿನ ಜೋಡಿ ನಮೂದು ಪದ್ಧತಿಯನ್ನು ಮೊದಲು ಅಚ್ಚಿನಲ್ಲಿ ವಿವರಿಸಿದ್ದು ಅದೇ. ಆ ಪದ್ಧತಿಯನ್ನು ಅವನು ಕಂಡುಹಿಡಿಯಲಿಲ್ಲ. ವೆನಿಸ್ಸಿನ ವ್ಯಾಪಾರಿಗಳು ಆಗಲೇ ಅದನ್ನು ಬಳಸುತ್ತಿದ್ದರು. ಪಂಡಿತರ ಲ್ಯಾಟಿನ್ ಬಿಟ್ಟು, ಅಂಗಡಿಯವರು ಆಡುವ ಇಟಾಲಿಯನ್ ಮಾತಿನಲ್ಲಿ ಅದನ್ನು ಬರೆದದ್ದು ಅವನ ಹೆಚ್ಚುಗಾರಿಕೆ.

ನಮ್ಮ ಸೀಮೆಯಲ್ಲಿ ಆ ಕೆಲಸ ತಡವಾಗಿ ಆಯಿತು. ಜಮಾ, ಬಾಕಿ, ವಸೂಲಿ, ರಕಮು ಎಂದು ನಾವು ಅಡಿಗೆಮನೆಯಲ್ಲಿ ಆಡುವ ಮಾತುಗಳೆಲ್ಲ ದರ್ಬಾರಿನಿಂದ ಬಂದವು. ಮಾತು ಬಂತು, ವಹಿ ಮಾತ್ರ ಒಳಗೆ ಬರಲಿಲ್ಲ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಶುರುವಾಯಿತು. ಉನ್ನತ ಶಿಕ್ಷಣವನ್ನು ಇಂಗ್ಲಿಷ್ ಬಿಟ್ಟು ದೇಶದ ಭಾಷೆಯಲ್ಲಿ ಕೊಡುವುದು ಆಗಿನ ಕಾಲಕ್ಕೆ ದೊಡ್ಡ ಸಾಹಸವೇ. ಆದರೆ ಭಾಲ್ಕಿಯ ಹೆಂಗಸರಿಗೆ ಉರ್ದು, ಇಂಗ್ಲಿಷ್ ಎರಡೂ ಅಷ್ಟೇ ದೂರ. ಭಾಲ್ಕಿಯ ಹಿರೇಮಠದ ಚೆನ್ನಬಸವ ಪಟ್ಟದ್ದೇವರು ಆ ದಿನಗಳಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸುತ್ತಿದ್ದರು ಎಂಬ ಮಾತು ನಮ್ಮ ಕಡೆ ಮನೆಮನೆಯಲ್ಲಿದೆ. ನನ್ನ ತಂದೆ ಕನ್ನಡದಲ್ಲಿ ಲೆಕ್ಕ ಬರೆಯಲು ಕಲಿತದ್ದು ಅಂಥದೇ ಗಾಳಿಯಲ್ಲಿ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಸೇರಿದವು. 1957ರ ಏಪ್ರಿಲಿನಿಂದ ಆಣೆ ಹೋಗಿ ನಯಾಪೈಸೆ ಬಂತು. ಹದಿನಾರರ ಲೆಕ್ಕ ನೂರರ ಲೆಕ್ಕವಾದಾಗ, ಗೋಡೆಯ ಮುಂದೆ ನಿಂತು ಆಯಿ ಮೂರು ದಿನ ಬಾಯಲ್ಲೇ ಲೆಕ್ಕ ಹಾಕಿದಳಂತೆ. ನಾಲ್ಕನೆಯ ದಿನ ಸಂತೆಗೆ ಹೋಗಿ, ಚಿಲ್ಲರೆಯಲ್ಲಿ ಮೋಸ ಮಾಡಲು ನೋಡಿದವನನ್ನು ಬೈದು ಬಂದಳಂತೆ.

ನಾನು ಬಿ.ಕಾಂ. ಓದಿದ್ದು ಎಪ್ಪತ್ತರ ದಶಕದಲ್ಲಿ. ಆಗ ನಮ್ಮ ಕಾಲೇಜುಗಳು ಧಾರವಾಡದ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿದ್ದು 1980ರಲ್ಲಿ. ತರಗತಿಯಲ್ಲಿ ನಾವು ಹುಡುಗಿಯರು ಮೂವರು. ಪಡೆದವನಿಗೆ ಡೆಬಿಟ್, ಕೊಟ್ಟವನಿಗೆ ಕ್ರೆಡಿಟ್ ಎಂಬ ಸೂತ್ರವನ್ನು ಇಂಗ್ಲಿಷಿನಲ್ಲಿ ಮಂತ್ರದಂತೆ ಬಾಯಿಪಾಠ ಮಾಡಿ ಪಾಸಾದೆವು. ನಾನು ಉಪನ್ಯಾಸಕಿಯಾದ ಮೇಲೆ ಅದೇ ಮಂತ್ರವನ್ನು ಮಕ್ಕಳಿಗೆ ಒಪ್ಪಿಸಿದೆ. ಮೋಹನ ಐವತ್ತು ಸಾವಿರ ಬಂಡವಾಳ ಹಾಕಿ ವ್ಯಾಪಾರ ಶುರು ಮಾಡಿದ ಎಂದು ಕರಿಹಲಗೆಯ ಮೇಲೆ ಬರೆದ ಒಂದು ದಿನ, ಔರಾದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. “ಮೇಡಂ, ಮೋಹನನಿಗೆ ಐವತ್ತು ಸಾವಿರ ಯಾರ ಕೊಟ್ಟರಿ?” ಇಡೀ ತರಗತಿ ನಕ್ಕಿತು. ಆಕೆ ನಗಲಿಲ್ಲ. ಅವಳ ತಾಯಿ ಹೊಲಿಗೆ ಮೆಷಿನ್ನು ಕೊಳ್ಳಲು ಕೈಸಾಲ ಮಾಡಿದ್ದು ಆಮೇಲೆ ಗೊತ್ತಾಯಿತು.

ಆ ರಾತ್ರಿ ನನಗೆ ಆಯಿಯ ಗೋಡೆ ನೆನಪಾಯಿತು. ಮರುವಾರದಿಂದ ಶುಕ್ರವಾರದ ಒಂದು ತಾಸನ್ನು ಬೇರೆ ಇಟ್ಟೆ. ಪ್ರತಿ ಹುಡುಗಿಯೂ ತನ್ನ ಮನೆಯ ಯಾವುದಾದರೂ ಒಂದು ವ್ಯವಹಾರದ ಒಂದು ತಿಂಗಳ ಲೆಕ್ಕ ತರಬೇಕು. ಎಮ್ಮೆಯ ಹಾಲು, ಹಪ್ಪಳ, ಹೊಲಿಗೆ, ಕಿರಾಣಿ ಅಂಗಡಿಯ ಉದ್ರಿ, ಏನಾದರೂ ಸರಿ. ಮೊದಲು ಮನೆಯ ಮಾತಿನಲ್ಲಿಯೇ ಹೇಳಬೇಕು. ಆಮೇಲೆ ಅದನ್ನು ಕೀರ್ದಿಗೆ ಏರಿಸಬೇಕು, ಕೀರ್ದಿಯಿಂದ ಖಾತೆಗೆ. ಕಡೆಗೆ ಇಂಗ್ಲಿಷ್ ಹೆಸರು. ಔರಾದದ ಆ ಹುಡುಗಿ ತಾಯಿಯ ಹೊಲಿಗೆಯ ಲೆಕ್ಕ ತಂದಳು. ನೂರು ರೂಪಾಯಿಗೆ ತಿಂಗಳಿಗೆ ಐದು ರೂಪಾಯಿ ಬಡ್ಡಿ. ತಾಯಿ ಅದನ್ನು ನೂರಕ್ಕೆ ಐದು ಎಂದಷ್ಟೇ ತಿಳಿದಿದ್ದಳು. ವರ್ಷಕ್ಕೆ ಅರವತ್ತಾಗುತ್ತದೆ ಎಂದು ಹುಡುಗಿ ಹಲಗೆಯ ಮೇಲೆ ಬರೆದು ತಾನೇ ಸುಮ್ಮನೆ ನಿಂತುಬಿಟ್ಟಳು. ಆ ದಿನ ಯಾರೂ ನಗಲಿಲ್ಲ.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದೇನೂ ಅಲ್ಲ. ಮನೆಯ ಗುಟ್ಟು ಕಾಲೇಜಿಗೆ ಯಾಕೆ ಎಂದು ಕೆಲವು ತಂದೆಯರು ಜಗಳಕ್ಕೆ ಬಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಹೆಸರು ಬರೆಯದೆ ಲೆಕ್ಕ ಮಾತ್ರ ತರುವಂತೆ ಮಾಡಿದೆ. ಪರೀಕ್ಷೆಯಲ್ಲಿ ಮತ್ತೆ ಮೋಹನನೇ ಬರುತ್ತಿದ್ದ. ಆದ್ದರಿಂದ ವಾರದ ಐದು ದಿನ ಮೋಹನನಿಗೆ, ಶುಕ್ರವಾರದ ಒಂದು ತಾಸು ನಮ್ಮ ಅವ್ವಂದಿರಿಗೆ ಎಂದು ಪಾಲು ಮಾಡಿಕೊಂಡೆವು.

ನಾನು ಮಾಡುತ್ತಿದ್ದದ್ದು ಹೊಸತೇನಲ್ಲ ಎಂದು ಬಹಳ ವರ್ಷಗಳ ನಂತರ ಓದಿ ತಿಳಿದೆ. 1908ರಲ್ಲಿ ಶುರುವಾದ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲು, ನಿಜವಾದ ಒಂದು ಕಂಪನಿಯ ತೊಡಕನ್ನು ಮಕ್ಕಳ ಮುಂದಿಟ್ಟು, “ನೀವಾಗಿದ್ದರೆ ಏನು ಮಾಡುತ್ತಿದ್ದಿರಿ” ಎಂದು ಕೇಳುವ ಪಾಠಕ್ರಮವನ್ನು ಬೆಳೆಸಿತು. 1961ರ ಅಹಮದಾಬಾದಿನ ಐ.ಐ.ಎಂ. ಅದನ್ನು ನಮ್ಮ ದೇಶಕ್ಕೆ ತಂದಿತು. ಇನ್ನೊಂದು ಸಂಶೋಧನೆ ನನಗೆ ಇನ್ನೂ ಹತ್ತಿರವಾದದ್ದು. ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ, ಬೀದಿಯಲ್ಲಿ ತೆಂಗಿನಕಾಯಿ ಮುಂತಾದವನ್ನು ಮಾರುವ ಐದು ಮಕ್ಕಳನ್ನು ಮೂವರು ಸಂಶೋಧಕರು ಪರೀಕ್ಷಿಸಿದರು. ಗಿರಾಕಿಗಳಂತೆ ನಿಂತು ಕೇಳಿದಾಗ ನೂರಕ್ಕೆ 98 ಉತ್ತರ ಸರಿ. ಅದೇ ಲೆಕ್ಕವನ್ನು ಕಥೆಯಾಗಿ ಕೇಳಿದಾಗ 74. ಬರೀ ಅಂಕಿಗಳಾಗಿ ಕಾಗದದ ಮೇಲೆ ಕೊಟ್ಟಾಗ 37. ಮಕ್ಕಳು ಅವರೇ, ಲೆಕ್ಕ ಅದೇ. ಇದನ್ನು ಓದಿದಾಗ ಆಯಿ ಪಕ್ಕದಲ್ಲಿ ಕುಳಿತು, “ಅಂದೆನಲ್ಲ” ಎಂದಂತಾಯಿತು.

ಇದೇ ಹೊತ್ತಿಗೆ ಕಾಲೇಜಿನ ಹೊರಗೆ ಇನ್ನೂ ದೊಡ್ಡ ತರಗತಿ ಶುರುವಾಗಿತ್ತು. ಕರ್ನಾಟಕದಲ್ಲಿ ಮೈರಾಡಾ ಸಂಸ್ಥೆ ಎಂಬತ್ತರ ದಶಕದಲ್ಲಿಯೇ ಸಣ್ಣ ಉಳಿತಾಯದ ಗುಂಪುಗಳನ್ನು ಬೆಳೆಸಿತ್ತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ನಮ್ಮ ಬೀದರದಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕು ಹಳ್ಳಿಯ ಸೊಸೈಟಿಗಳ ಮೂಲಕ ಮಹಿಳಾ ಗುಂಪುಗಳನ್ನು ಕಟ್ಟಿ ಹೊರಗಿನವರೂ ನೋಡಲು ಬರುವಂತೆ ಮಾಡಿತು. 2000ದಲ್ಲಿ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳ ಮುಂದೆ ಮೊದಲ ಬಾರಿಗೆ ಅವರದೇ ಹೆಸರಿನ ನಗದು ಪುಸ್ತಕ, ಸಾಲದ ಖಾತೆ, ಠರಾವು ಪುಸ್ತಕ ಬಂದವು.

ನಿವೃತ್ತಳಾದ ಮೇಲೆ ಒಮ್ಮೆ ಸಂತಪುರದ ಮೇಲೆ ಹಾಯುವ ಬಸ್ಸು ಹಿಡಿದು ಔರಾದಿಗೆ ಹೋಗಿ, ಅಮರೇಶ್ವರ ಗುಡಿಗೆ ಕೈಮುಗಿದು, ಅಂಥ ಒಂದು ಸಂಘದ ಸಭೆಯಲ್ಲಿ ಕುಳಿತೆ. ನನಗೊಂದು ಅಳುಕಿತ್ತು. ಹದಿನೈದು ಹೆಂಗಸರಲ್ಲಿ ಬರೆಯುವವಳು ಒಬ್ಬಳೇ ಹುಡುಗಿ. ಉಳಿದವರು ಬರೀ ಹೆಬ್ಬೆಟ್ಟು ಒತ್ತಿದರೆ ಮುನೀಮನ ಜಾಗದಲ್ಲಿ ಮುನೀಮಳು ಬಂದಂತೆ, ಅಷ್ಟೇ. ಆದರೆ ಅಲ್ಲಿ ಒಂದು ಪದ್ಧತಿ ಇತ್ತು. ಬರೆದದ್ದನ್ನೆಲ್ಲ ಹುಡುಗಿ ಗಟ್ಟಿಯಾಗಿ ಓದಬೇಕು, ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ. ಆಮೇಲೆಯೇ ಸಹಿ. ಮೂಲೆಯಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಸೊಂಟದ ಚೀಲದಿಂದ ತೊಗರಿ ಕಾಳು ಸುರಿದುಕೊಂಡು ಎಣಿಸುತ್ತಿದ್ದಳು, ಕಟ್ಟಿದ ವಾರಕ್ಕೊಂದು ಕಾಳು. “ನಿಲ್ಲs ತಂಗಿ, ನನ್ನ ಒಂದು ವಾರ ಕಡಿಮಿ ಓದಿದಿ” ಎಂದಳು. ಹುಡುಗಿ ಪುಟ ತಿರುವಿದಳು. ಒಂದು ವಾರದ ಹಣ ಕೆಳಗಿನ ಹೆಸರಿನ ಸಾಲಿಗೆ ಬಿದ್ದಿತ್ತು. ಎಲ್ಲರೂ ನಕ್ಕರು. ಹುಡುಗಿ ತಪ್ಪಿನ ಮೇಲೆ ಗೆರೆ ಎಳೆದು, ಸರಿಯಾಗಿ ಬರೆದು, ಮತ್ತೆ ಓದಿದಳು. ಮುದುಕಿ ಕಾಳುಗಳನ್ನು ಚೀಲಕ್ಕೆ ತುಂಬಿಕೊಂಡು ಹೆಬ್ಬೆಟ್ಟು ಒತ್ತಿದಳು.

ಈಗಿನ ಕಷ್ಟ ಬೇರೆ ಬಗೆಯದು. ಮಸಿಯ ಡಬ್ಬಿ ಹೋಗಿ ಬೆರಳಿಡುವ ಯಂತ್ರ ಬಂದಿದೆ. ಎಲ್ಲೆಲ್ಲಿಂದಲೋ ಬಂದ ಸಾಲದ ಕಂಪನಿಯವರು ಮನೆಬಾಗಿಲಲ್ಲಿ ನಿಂತು ಬೆರಳು ಇಡಿಸಿಕೊಳ್ಳುತ್ತಾರೆ. ಪರದೆಯ ಮೇಲೇನಿದೆ ಎಂದು ಓದಿ ಹೇಳುವವರು ಕಡಿಮೆ. ವಸೂಲಿಯ ಕಿರುಕುಳ ಮಿತಿಮೀರಿ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಕಾನೂನು ಬೇಕು. ಅದಕ್ಕಿಂತ ಮೊದಲು, ಓದಿ ಹೇಳು ಎಂದು ಕೇಳುವ ಬಾಯಿ ಬೇಕು.

ಹೋದ ತಿಂಗಳು ಮೊಮ್ಮಗಳು ಬಂದಿದ್ದಾಗ ಅವಳನ್ನು ಮದ್ರಸಾ ನೋಡಲು ಕರೆದುಕೊಂಡು ಹೋಗಿದ್ದೆ. ಗಾವಾನನ ಕಥೆ, ಆಯಿಯ ಕಥೆ ಎರಡನ್ನೂ ಹೇಳಿದೆ. ಮನೆಗೆ ಬಂದ ಮೇಲೆ ಅವಳ ಫೋನಿನಲ್ಲಿ ಏನೋ ಒಂದು ಬಂತು. ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತಬೇಕಂತೆ. ಬೆರಳು ಎತ್ತಿದವಳು ನನ್ನ ಕಡೆ ನೋಡಿದಳು. “ಇರು ಅಜ್ಜಿ, ಮೊದಲು ಓದ್ತೀನಿ” ಎಂದು ಕನ್ನಡಕ ಹುಡುಕಲು ಹೋದಳು.